ಎರಡು ಪಟ್ಟು ವೇಗದ ಮೂತ್ತಮ್ಮ

ಕಳೆದ ಮೇ ತಿಂಗಳ ರಜೆಯಲ್ಲಿ ನಾನು ಒಬ್ಬ ಗಟ್ಟಿಮುಟ್ಟಾದ ಹೆಂಗಸನ್ನು ಬಲವಂತವಾಗಿ ಆಟೋದಲ್ಲಿ ಕೂರಿಸಿ ಸುಳ್ಯದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಈಗ ಮನೆಯಲ್ಲಿ ನಾಲ್ಕು ಜನ ಸೇರಿದರೆ ಈ ಸಂಗತಿ ಬಾರದೆ ಇರುವುದಿಲ್ಲ. ಹೇಳುವವರ ಬಾಯಲ್ಲಿ ಅದಕ್ಕೆ ಉಪ್ಪು ಖಾರ ಸೇರಿ, ಈಚೆಗೆ ನಾನು ಆಂಬುಲೆನ್ಸನ್ನೇ ಕರೆಸಿದ್ದೆ ಎಂಬಲ್ಲಿಗೆ ಬಂದು ನಿಂತಿದೆ. ಆಂಬುಲೆನ್ಸ್ ಕರೆಸಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ನಾನೇ ನಿಮಗೆ ಹೇಳಿಬಿಡುತ್ತೇನೆ. ನಡುವೆ ಸ್ವಲ್ಪ ಅತ್ತಿತ್ತ ಹೋದರೆ ಸಹಿಸಿಕೊಳ್ಳಿ. ಒಂದೇ ಕಡೆ ಮನಸ್ಸು ನಿಲ್ಲಿಸುವುದು ಈಗ ನನಗೆ ಕಷ್ಟ. ಇಷ್ಟೆಲ್ಲ ಆದದ್ದೂ ಅದರಿಂದಲೇ.

ಆ ಹೆಂಗಸು ನನ್ನ ಮೂತ್ತಮ್ಮ, ಅಂದರೆ ನನ್ನ ತಾಯಿಯ, ನಮ್ಮ ಮಾತಿನಲ್ಲಿ ಉಮ್ಮನ, ಅಕ್ಕ. ಹೆಸರು ಬೀಫಾತಿಮ. ಹುಟ್ಟಿದ್ದು ಪೆರಾಬೆಯಲ್ಲಿ, ಮದುವೆಯಾಗಿ ಸೇರಿದ್ದು ಸುಳ್ಯಕ್ಕೆ. ಪ್ರಾಯ ಎಪ್ಪತ್ತೈದರ ಆಸುಪಾಸು. ಸರಿಯಾಗಿ ಎಷ್ಟೆಂದು ಅವರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದ ತೊಂದರೆಯೂ ಆಗಿಲ್ಲ. ಮಗನಿಗೆ ಪೇಟೆಯಲ್ಲಿ ಚಪ್ಪಲಿ ಅಂಗಡಿ. ಸೊಸೆ ಸಫಿಯಾ ಮತ್ತು ಮೂತ್ತಮ್ಮ ದಿನವಿಡೀ ಮನೆಯಲ್ಲಿ. ನಾನು ಇರುವುದು ಆಲಂಕಾರಿನಲ್ಲಿ. ಕಡಬದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನನ್ನ ಗಂಡ ಹಮೀದ್ ಪೈಪು, ನಲ್ಲಿ, ಪಂಪಿನ ಸಾಮಾನು ಮಾರುತ್ತಾರೆ. ಆರು ವರ್ಷಗಳ ಹಿಂದೆ ಉಮ್ಮ ತೀರಿಕೊಂಡ ಮೇಲೆ ಮೂತ್ತಮ್ಮ ನನ್ನನ್ನು 'ಮೋಳೆ', ಅಂದರೆ ಮಗಳೇ, ಎಂದು ಕರೆದು ತನ್ನ ಲೆಕ್ಕಕ್ಕೆ ಸೇರಿಸಿಕೊಂಡರು. ಅದಕ್ಕೆ ನನ್ನ ಒಪ್ಪಿಗೆಯನ್ನೇನೂ ಕೇಳಲಿಲ್ಲ.

ಎರಡು ವರ್ಷಗಳ ಹಿಂದೆ ದುಬೈಯಿಂದ ಬಂದ ಮೊಮ್ಮಗ ಅವರಿಗೊಂದು ಫೋನು ತಂದುಕೊಟ್ಟ. ಮೂತ್ತಮ್ಮನಿಗೆ ಓದು ಬರಹ ಬಾರದು. ಹಾಗಾಗಿ ವಾಟ್ಸಾಪಿನ ಮೈಕಿನ ಗುರುತು ಅವರಿಗೆ ಸಿಕ್ಕಿದ ದೊಡ್ಡ ಸೌಭಾಗ್ಯವಾಯಿತು. ಬೆರಳು ಒತ್ತಿ ಹಿಡಿದು ಮಾತಾಡಿದರೆ ಮುಗಿಯಿತು, ಅಕ್ಷರದ ಗೊಡವೆಯೇ ಇಲ್ಲ. ಫೋನ್ ಮಾಡಿದರೆ ನಾನು "ಕ್ಲಾಸಿಗೆ ಹೊತ್ತಾಯಿತು" ಎಂದು ಇಟ್ಟುಬಿಡುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು. ಮೆಸೇಜಿಗೆ ಆ ಭಯವಿಲ್ಲ. ಬೆಳಗ್ಗಿನ ಚಾ ತಿಂಡಿ ಮುಗಿದು, ಮೀನಿನವನ ಸ್ಕೂಟರು ಬರುವವರೆಗಿನ ಹೊತ್ತು ನನಗಾಗಿ ಮೀಸಲು. ಮೀನಿನವನು ಬೇಗ ಬಂದರೆ ಐದು ನಿಮಿಷದ ಮೆಸೇಜು, ತಡವಾದರೆ ಎಂಟು. ಒಂದು ದಿನ ಮೀನಿನವನು ಬರಲೇ ಇಲ್ಲ. ಅವತ್ತಿನದ್ದು ಹದಿನಾಲ್ಕು ನಿಮಿಷ.

ಮೊದಲ ತಿಂಗಳು ನಾನು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದೆ. ಎರಡನೆಯ ತಿಂಗಳು ಪಾತ್ರೆ ತೊಳೆಯುತ್ತಾ ಕೇಳಿದೆ. ಮೂರನೆಯ ತಿಂಗಳಲ್ಲಿ, ಮೆಸೇಜಿನ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿದರೆ ಮಾತು ಎರಡು ಪಟ್ಟು ವೇಗದಲ್ಲಿ ಓಡುತ್ತದೆ ಎಂಬುದನ್ನು ಕಂಡುಕೊಂಡೆ. ಅಂದಿನಿಂದ ಎಂಟು ನಿಮಿಷದ ಮೂತ್ತಮ್ಮ ನಾಲ್ಕು ನಿಮಿಷಕ್ಕೆ ಇಳಿದರು. ಆಮೇಲೆ ಆ ನಾಲ್ಕು ನಿಮಿಷವೂ ಉದ್ದವೆನಿಸಿ, ಮೊದಲ ಒಂದು ನಿಮಿಷ ಕೇಳಿ, ಎಲ್ಲರೂ ಸೌಖ್ಯ ಎಂದು ಖಾತ್ರಿ ಮಾಡಿಕೊಂಡು, ಒಂದು ಹೆಬ್ಬೆರಳಿನ ಚಿತ್ರ ಕಳುಹಿಸಿ ಶಾಲೆಗೆ ಹೊರಡುತ್ತಿದ್ದೆ.

"ಮೂತ್ತಮ್ಮ ಎಂತ ಹೇಳಿದ್ರು?" ಎಂದು ಹಮೀದ್ ಕೇಳುತ್ತಿದ್ದರು.

"ಹೀಗೇ. ಬೂತಾಯಿ ಮೀನು, ಕೋಳಿ, ಸಫಿಯಾ."

ದಿನಾ ಅದೇ ಉತ್ತರ. ಅದು ಸುಳ್ಳೂ ಆಗಿರಲಿಲ್ಲ. ಮೊದಲ ಒಂದು ನಿಮಿಷದಲ್ಲಿ ದಿನಾ ಬರುತ್ತಿದ್ದದ್ದು ಅವೇ ಮೂರು.

ನನ್ನ ಈ ಅವಸ್ಥೆ ಒಂದೇ ದಿನದಲ್ಲಿ ಬಂದದ್ದಲ್ಲ. ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದಾಗ, ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕಾದಂಬರಿ ಹಿಡಿದು ಕೂತು ಕಣ್ಣೆದುರೇ ಆಲಂಕಾರಿನ ಮೂರು ಬಸ್ಸು ಬಿಟ್ಟವಳು ನಾನು. ಕಂಡಕ್ಟರು ಕೂಗಿದ್ದೂ ಕೇಳಿಸಿರಲಿಲ್ಲ. ಮನೆಯಲ್ಲಿ ಉಮ್ಮ ಗಾಬರಿಯಾಗಿ ರಸ್ತೆಗೆ ಬಂದು ನಿಂತಿದ್ದರು. ಈಗ ನನ್ನ ಮಂಚದ ತಲೆಯ ಬದಿಯಲ್ಲಿ ಒಂದು ದಪ್ಪ ಕಾದಂಬರಿ ಹನ್ನೊಂದು ತಿಂಗಳಿಂದ ಮಲಗಿದೆ. ಇಪ್ಪತ್ತಮೂರನೆಯ ಪುಟದಲ್ಲಿ ನಾಯಕಿ ಬಾಗಿಲು ತೆರೆಯಲು ಎದ್ದಿದ್ದಾಳೆ. ಹೊರಗೆ ಯಾರು ನಿಂತಿದ್ದಾರೋ ಪಾಪ, ಹನ್ನೊಂದು ತಿಂಗಳಾಯಿತು. ಎರಡು ಸಾಲು ಓದುವಷ್ಟರಲ್ಲಿ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಅಡುಗೆಯ ವೀಡಿಯೊವನ್ನೂ ಕೊನೆಯವರೆಗೆ ನೋಡುವ ತಾಳ್ಮೆ ಇಲ್ಲ. ಒಬ್ಬಳ ಪಾಯಸದ ಮೊದಲರ್ಧವನ್ನು ಮತ್ತೊಬ್ಬಳ ಪಾಯಸದ ಉಳಿದರ್ಧಕ್ಕೆ ಜೋಡಿಸಿ ಹಬ್ಬದ ದಿನ ನಾನು ಮಾಡಿದ್ದನ್ನು ಹಮೀದ್ ಬಹಳ ಹೊತ್ತು ನೋಡಿ, "ಇದನ್ನು ತಿನ್ನುದಾ, ಗೋಡೆಗೆ ಹಚ್ಚುದಾ?" ಎಂದು ಕೇಳಿದ್ದರು.

ಇಷ್ಟಾದರೂ ಶಾಲೆಯಲ್ಲಿ ನನ್ನ ಗತ್ತಿಗೆ ಕಡಿಮೆಯಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಜಿನ್ಸಿ ಎಂಬ ಹುಡುಗಿ ಇದ್ದಾಳೆ. ನೆಲ್ಯಾಡಿಯ ಕಡೆಯ ರಬ್ಬರು ಕೃಷಿಕರ ಮಗಳು, ಮಲಯಾಳದ ರಾಗದಲ್ಲಿ ಚೆಂದದ ಕನ್ನಡ ಮಾತಾಡುವವಳು. ಒಂದು ದಿನ ನಾನು ಉದ್ದದ ಪದ್ಯವೊಂದನ್ನು ಶುರುಮಾಡಿದ ಕೂಡಲೇ ಅವಳು ಕೈಯೆತ್ತಿ, "ಟೀಚರ್, ಇದರದ್ದು ಸಣ್ಣ ವೀಡಿಯೊ ಉಂಟಾ?" ಎಂದಳು. ಏಕಾಗ್ರತೆಯ ಬಗ್ಗೆ ನಾನು ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಮುಗಿದ ಮೇಲೆ ಜಿನ್ಸಿ ಮತ್ತೆ ಕೈಯೆತ್ತಿದಳು.

"ಟೀಚರ್, ನೀವು ಮಾತಾಡುವಾಗ ಮೇಜಿನ ಅಡಿಯಲ್ಲಿ ಫೋನು ನೋಡಿದ್ದು ನಾಲ್ಕು ಸಲ."

ನನ್ನ ಪ್ರಕಾರ ಎರಡೇ ಸಲ. ಆದರೆ ಆ ಹುಡುಗಿ ಸುಳ್ಳು ಹೇಳುವವಳಲ್ಲ.

ಹಾಗೆಂದು ನಾವು ಕೇಳುವ ಅಭ್ಯಾಸ ಇಲ್ಲದ ಮನೆಯಿಂದ ಬಂದವರೇನೂ ಅಲ್ಲ. ನಾನು ಸಣ್ಣವಳಿದ್ದಾಗ ನನ್ನ ಮಾಮ, ಉಮ್ಮನ ತಮ್ಮ, ಸೌದಿಯ ದಮಾಮಿನಲ್ಲಿ ಕೆಲಸಕ್ಕಿದ್ದರು. ಆಗ ಫೋನು ದೂರದ ಮಾತು. ಮಾಮ ಕ್ಯಾಸೆಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಎರಡೂ ಬದಿ ಸೇರಿ ಒಂದೂವರೆ ಗಂಟೆ. ಮನೆಯವರೆಲ್ಲ ಚಾಪೆ ಹಾಸಿ ಟೇಪ್ ರೆಕಾರ್ಡರಿನ ಸುತ್ತ ಕೂರುತ್ತಿದ್ದೆವು. ಮಾಮ ಕೆಮ್ಮಿದರೆ ನನ್ನ ಅಜ್ಜಿ "ಅಲ್ಲಿ ಚಳಿ ಶುರುವಾಯಿತು" ಎನ್ನುತ್ತಿದ್ದರು. ಹಿಂದಿನಿಂದ ಪಾತ್ರೆಯ ಸದ್ದು ಬಂದರೆ "ಅಡುಗೆಗೆ ಇವನದ್ದೇ ಸರದಿ" ಎನ್ನುತ್ತಿದ್ದರು. ಉತ್ತರದ ಕ್ಯಾಸೆಟಿನಲ್ಲಿ ಮಕ್ಕಳೆಲ್ಲ ಒಂದೊಂದು ಮಾತು ಹೇಳಬೇಕಿತ್ತು. ನನ್ನ ಸರದಿ ಬಂದಾಗ ಬಾಯಿ ಕಟ್ಟಿಹೋಗಿ, ಉಮ್ಮ ಎಷ್ಟು ತಿವಿದರೂ ದನಿ ಹೊರಡದೆ, ಟೇಪು ಸುಮ್ಮನೆ ಸುತ್ತಿತು. ಎರಡು ವರ್ಷದ ಮೇಲೆ ಊರಿಗೆ ಬಂದ ಮಾಮ ನನ್ನನ್ನು ಎತ್ತಿಕೊಂಡು, "ನೀನು ಉಸಿರಾಡಿದ್ದು ಚೆಂದ ಕೇಳ್ತಿತ್ತು" ಎಂದರು. ಉಸಿರನ್ನೂ ಕೇಳುತ್ತಿದ್ದ ಜನರ ವಂಶದಲ್ಲಿ ಹುಟ್ಟಿ ನಾನು ಹೀಗಾದೆ.

ಇರಲಿ, ಮೇ ತಿಂಗಳಿಗೆ ಬರುತ್ತೇನೆ.

ಶಾಲೆಗೆ ರಜೆ. ಮೂತ್ತಮ್ಮನ ಮುಖ ನೋಡದೆ ವರ್ಷವೇ ಆಗುತ್ತ ಬಂದಿತ್ತು. ಒಂದು ಮಂಗಳವಾರ ಬೆಳಗ್ಗೆ, ಹೇಳದೆ ಕೇಳದೆ ಹೋಗಿ ಆಶ್ಚರ್ಯಪಡಿಸೋಣ ಎಂದು ಬಸ್ಸು ಹತ್ತಿ ಸುಳ್ಯಕ್ಕೆ ಹೋದೆ. ಮೂತ್ತಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ನನ್ನನ್ನು ಕಂಡು ಮುಖವೆಲ್ಲ ಅರಳಿತು. ಬಾಯಿ ತೆರೆದರು.

"ಬಾ... ಮೋಳೆ... ಬಾ. ಬಿಸಿಲಿಗೆ... ಬಂದಿಯಲ್ಲ. ಕೂತ್ಕೋ... ನೀರು... ಕೊಡ್ತೇನೆ."

ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಬ್ಬರು ಹೋಗಿ ಬರುವಷ್ಟು ಜಾಗ. ನಿನ್ನೆಯ ಮೆಸೇಜಿನಲ್ಲಿ ಪಟಪಟನೆ ಮಾತಾಡಿದ ಮೂತ್ತಮ್ಮ ಇವರೇನಾ?

ಸಂಸಾರಕ್ಕೆ ಉಪಯೋಗವಾಗುವ ಆರೋಗ್ಯ ಸಲಹೆಯ ಅರ್ಧ ನಿಮಿಷದ ವೀಡಿಯೊಗಳನ್ನು ನಾನು ಬಹಳ ನೋಡುತ್ತೇನೆ. ಪಾರ್ಶ್ವವಾಯು ಬಂದರೆ ಮಾತು ಎಳೆಯುತ್ತದೆ, ಕೈ ಮೇಲೇರುವುದಿಲ್ಲ, ನಗು ಓರೆಯಾಗುತ್ತದೆ, ಒಂದು ನಿಮಿಷವೂ ತಡಮಾಡಬಾರದು ಎಂದು ಅದರಲ್ಲೊಂದರಲ್ಲಿ ಹೇಳಿದ್ದರು. ಮುಂದೆ ಏನು ಹೇಳಿದ್ದರೋ, ಅಷ್ಟರಲ್ಲಿ ನಾನು ಬೇರೆ ವೀಡಿಯೊಗೆ ಹೋಗಿದ್ದೆ.

"ಮೂತ್ತಮ್ಮ, ಒಮ್ಮೆ ನಗಿ ನೋಡುವಾ."

ಮೂತ್ತಮ್ಮ ನಕ್ಕರು. ನಗು ನೆಟ್ಟಗೇ ಇತ್ತು.

"ಎರಡೂ ಕೈ ಮೇಲೆ ಮಾಡಿ."

ಎಡಗೈ ತಲೆಯ ಮೇಲೆ ಹೋಯಿತು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಮೂತ್ತಮ್ಮನ ಹುಬ್ಬು ಗಂಟಿಕ್ಕಿತು.

"ಸಫಿಯಾ!" ಎಂದು ನಾನು ಕಿರುಚಿದೆ. "ಬೇಗ ಆಟೋ ಕರಿ. ಮೂತ್ತಮ್ಮನ ಮಾತು ಎಳೀತಾ ಉಂಟು, ಕೈ ಏರುದಿಲ್ಲ!"

ಸಫಿಯಾ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಎಂತ ಅಕ್ಕ? ಉಮ್ಮ ಯಾವಾಗ್ಲೂ ಇದ್ದ ಹಾಗೇ ಇದ್ದಾರಲ್ಲ."

"ದಿನಾ ನೋಡುವವರಿಗೆ ಗೊತ್ತಾಗುದಿಲ್ಲ," ಎಂದೆ, ಬಲ್ಲವಳ ಹಾಗೆ.

ಮೂತ್ತಮ್ಮ ಏನೋ ಹೇಳಲು ಹೊರಟರು. ಆದರೆ ಅವರ ವಾಕ್ಯ ಮುಗಿಯುವಷ್ಟರಲ್ಲಿ ಆಟೋ ಬಂದಿತ್ತು, ನಾನು ಅವರನ್ನು ಒಳಗೆ ಕೂರಿಸಿಯೂ ಆಗಿತ್ತು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾರಿಗೆ... ಹುಷಾರಿಲ್ಲ?"

ಆಸ್ಪತ್ರೆಯಲ್ಲಿ ನನ್ನ ಗಲಾಟೆಗೆ ಹೆದರಿ ನಮ್ಮನ್ನು ಬೇಗನೆ ಒಳಗೆ ಬಿಟ್ಟರು. ಡಾಕ್ಟರು ಪ್ರಾಯದ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರಷ್ಟು ವಯಸ್ಸು. ಮೂತ್ತಮ್ಮನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ನಾಲಗೆ ಹೊರಗೆ ಹಾಕಿಸಿದರು, ಬೆರಳು ಹಿಡಿಸಿ ಬಿಗಿ ಪರೀಕ್ಷಿಸಿದರು.

"ಅಮ್ಮಾ, ಇವತ್ತು ಯಾವ ವಾರ?"

"ಮಂಗಳವಾರ," ಎಂದರು ಮೂತ್ತಮ್ಮ ತಮ್ಮ ಲಯದಲ್ಲಿ. "ಇವತ್ತು... ಬಂಗುಡೆ ಬರ್ಬೇಕಿತ್ತು. ಇವಳು... ನನ್ನನ್ನು ಎಳ್ಕೊಂಡು ಬಂದ್ಲು."

ಡಾಕ್ಟರು ತುಟಿ ಬಿಗಿಹಿಡಿದು ನನ್ನ ಕಡೆ ತಿರುಗಿದರು. "ಮೊದಲು ಇವರ ಮಾತು ಹೇಗಿತ್ತು?"

"ಪಟಪಟ ಅಂತ ಇತ್ತು ಡಾಕ್ಟ್ರೆ. ನಿನ್ನೆಯವರೆಗೂ ಸರಿ ಇತ್ತು. ನಿನ್ನೆಯ ಮೆಸೇಜ್ ಉಂಟು, ಬೇಕಾದ್ರೆ ನೀವೇ ಕೇಳಿ." ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದೆ.

ಸಣ್ಣ ಕೋಣೆಯ ತುಂಬ ಮೂತ್ತಮ್ಮನ ದನಿ ಧಡಬಡನೆ ಓಡಾಡಿತು. ಬೂತಾಯಿ, ಕೋಳಿ, ಸಫಿಯಾ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಹೋದರು. ನಿಜವಾದ ಮೂತ್ತಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕಿವಿಗೊಟ್ಟು ಕೇಳಿದರು.

"ಇದು ಯಾರು? ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ... ಮಾತಾಡ್ತಾಳಲ್ಲ?"

"ನೀವೇ, ಮೂತ್ತಮ್ಮ."

"ನಾನಾ?"

ಡಾಕ್ಟರು ಕೈ ಚಾಚಿ, ಒಂದೇ ಬೆರಳಿನಿಂದ ಆ ಸಣ್ಣ ಗುಂಡಿಯನ್ನು ಮುಟ್ಟಿದರು. ಓಟ ನಿಂತಿತು. ಫೋನಿನೊಳಗಿಂದ, ಕುರ್ಚಿಯಲ್ಲಿ ಕೂತವರದ್ದೇ ದನಿ, ಅದೇ ಲಯ, ಅದೇ ನಡುವಿನ ಜಾಗ:

"...ಈ ಬಲದ ಭುಜ ಉಂಟಲ್ಲ ಮೋಳೆ... ಮೂರು ತಿಂಗಳಿಂದ ಮೇಲೆ ಏರುದಿಲ್ಲ ಅಂತ... ನಿನಗೆ ದಿನಾ ಹೇಳ್ತಾ ಇದ್ದೇನಲ್ಲ..."

ನಾನು ಅಲ್ಲಿ ಗೋಡೆಗೆ ತೂಗುಹಾಕಿದ್ದ ಎಲುಬುಗಳ ಚಿತ್ರವನ್ನು ಬಹಳ ಗಮನವಿಟ್ಟು ನೋಡಿದೆ. ವರ್ಷಗಳಲ್ಲಿ ಅಷ್ಟು ಏಕಾಗ್ರತೆಯಿಂದ ನಾನು ಬೇರೇನನ್ನೂ ನೋಡಿರಲಿಕ್ಕಿಲ್ಲ.

"ಭುಜ ಹಿಡ್ಕೊಂಡಿದೆ, ಅಷ್ಟೆ," ಎಂದರು ಡಾಕ್ಟರು. "ವ್ಯಾಯಾಮ ಹೇಳಿಕೊಡ್ತೇನೆ, ದಿನಾ ಮಾಡಿದ್ರೆ ಸರಿಯಾಗ್ತದೆ. ಮಾತಿಗೆ ಎಂತದೂ ಆಗಿಲ್ಲ." ಆಮೇಲೆ ನನ್ನ ಕಡೆ ನೋಡಿ, ಸ್ವಲ್ಪ ದನಿ ತಗ್ಗಿಸಿ, "ಬೇಜಾರು ಮಾಡ್ಬೇಡಿ. ನಾನೂ ನಮ್ಮ ಅಮ್ಮನನ್ನು ಒಂದೂವರೆ ಪಟ್ಟಿನಲ್ಲಿ ಇಟ್ಟೇ ಕೇಳುದು," ಎಂದರು.

ಹಿಂದಿರುಗುವಾಗ ಆಟೋದಲ್ಲಿ ಮೂತ್ತಮ್ಮ ಮಾತಾಡಲಿಲ್ಲ. ನಿಧಾನದ ಮೂತ್ತಮ್ಮನಿಗಿಂತ ಸುಮ್ಮನಿರುವ ಮೂತ್ತಮ್ಮ ನನಗೆ ಹೆಚ್ಚು ಭಯ ಹುಟ್ಟಿಸಿದರು. ಪೇಟೆ ದಾಟಿ ಏರು ಹತ್ತುವಾಗ ಕೇಳಿದರು:

"ಎಷ್ಟು ಸಮಯದಿಂದ ಹೀಗೆ... ಓಡಿಸ್ತಾ ಇದ್ದಿ?"

"ಒಂದೂವರೆ ವರ್ಷ ಆಗಿರಬಹುದು."

"ಓಡಿಸಿಯಾದ್ರೂ... ಪೂರ್ತಿ ಕೇಳ್ತಿಯಾ?"

ಸುಳ್ಳು ಹೇಳಬಹುದಿತ್ತು. ಆ ಭುಜದ ಎದುರು ಹೇಳಲಾಗಲಿಲ್ಲ. "ಇಲ್ಲ ಮೂತ್ತಮ್ಮ."

ಅವರು ಹೊರಗೆ ನೋಡಿದರು. "ನೀನು ಎದುರಿಗೆ ಕೂತು ಚಾ ಕುಡೀತಾ ಇದ್ದಿ ಅಂತ ಗ್ರಹಿಸಿ... ನಾನು ಮಾತಾಡುದು. ಸಫಿಯಾ ನಗಾಡ್ತಾಳೆ. ಫೋನಿಗೆ ಚಾ ಬೇಕಾ ಅಂತ ಕೇಳ್ತಾಳೆ."

ನನ್ನ ಕಣ್ಣಲ್ಲಿ ನೀರು ಬಂತು. ತಪ್ಪಾಯಿತು ಎಂದೆ. ಇನ್ನು ಮುಂದೆ ಒಂದಕ್ಷರ ಬಿಡದೆ ಕೇಳುತ್ತೇನೆ ಎಂದೆ. ಅವರು ಮನೆಯ ತಿರುವಿನ ಹತ್ತಿರ ಬಂದಾಗ ನನ್ನ ಮೊಣಕೈ ತಿವಿದರು.

"ಆ ಗುಂಡಿ... ನನಗೂ ತೋರ್ಸು."

"ಯಾಕೆ ಮೂತ್ತಮ್ಮ?"

"ಪುತ್ತೂರಿನ ನಾದಿನಿ ಉಂಟಲ್ಲ. ಅವಳ ಗಂಟು ನೋವಿನ ಸುದ್ದಿ... ದಿನಾ ಇಪ್ಪತ್ತು ನಿಮಿಷ. ನನ್ನಿಂದ ಆಗುದಿಲ್ಲ ಮಾರಾಯ್ತಿ."

ಡ್ರೈವರು ನಕ್ಕು ಆಟೋವನ್ನು ಬದಿಗೆ ನಿಲ್ಲಿಸಿಬಿಟ್ಟ. ಮೊದಲು ನಕ್ಕದ್ದು ಅವನೋ ನಾನೋ ನೆನಪಿಲ್ಲ. ಮೂತ್ತಮ್ಮ ಕೂಡ ನಕ್ಕರು, ಅದೂ ನಿಧಾನವಾಗಿಯೇ. ನಮ್ಮ ನಗು ಮುಗಿದ ಮೇಲೂ ಅವರದ್ದು ಉಳಿದಿತ್ತು.

ಅವರು ಕ್ಷಮಿಸಿದರು, ಸರಿ. ಆದರೆ ನನಗೆ ಸಮಾಧಾನವಾಗಲಿಲ್ಲ. ಊರಿಗೆ ಬಂದ ಮೇಲೆ, ನಾನು ಅರ್ಧಕ್ಕೆ ಬಿಟ್ಟ ಮೆಸೇಜುಗಳನ್ನೆಲ್ಲ ಮೊದಲಿನಿಂದ, ಅವರ ವೇಗದಲ್ಲೇ ಕೇಳುವುದೆಂದು ನಿರ್ಧರಿಸಿದೆ. ಎಷ್ಟಿವೆ ಎಂದು ಎಣಿಸಲು ಹೋಗಲಿಲ್ಲ, ಧೈರ್ಯವಾಗಲಿಲ್ಲ. ದಿನಾ ಸಂಜೆ ಹಿತ್ತಿಲ ಮೆಟ್ಟಿಲಲ್ಲಿ ಕೂತು ಕೇಳುವುದು, ಕೇಳುವಾಗ ಬೇರೇನೂ ಮಾಡಬಾರದು ಎಂದು ನಿಯಮ. ಮೊದಲ ಎರಡು ದಿನ ನನ್ನ ಹೆಬ್ಬೆರಳು ಕಟ್ಟಿಹಾಕಿದ ಆಡಿನ ಹಾಗೆ ಒದ್ದಾಡಿತು. ಮೂರನೆಯ ದಿನ ಎದ್ದು ಹೋಗಿ ಸುಮ್ಮನೆ ತೆಂಗಿನಕಾಯಿ ತುರಿದು ಬಂದೆ. ವಾರ ಕಳೆದ ಮೇಲೆ, ಮಾತಿನ ನಡುವಿನ ಆ ಜಾಗದಲ್ಲಿ ಏನೇನಿದೆ ಎಂದು ಕೇಳಿಸತೊಡಗಿತು. ಕೋಳಿ ಕೆದಕುವ ಸದ್ದು, ಸಫಿಯಾ ಮಸಾಲೆ ಅರೆಯುವ ಸದ್ದು, ಒಂದೊಂದು ಸಲ ಮೂತ್ತಮ್ಮ ಸರಿಯಾದ ಶಬ್ದ ಹುಡುಕುತ್ತ ತೆಗೆಯುವ "ಮ್" ಎಂಬ ದನಿ.

ಹೀಗೆ ಕೇಳುತ್ತ ಹೋದವಳಿಗೆ ಹಿಂದಿನ ಮಳೆಗಾಲದ ಒಂದು ಮೆಸೇಜು ಸಿಕ್ಕಿತು. ಬೂತಾಯಿ, ಕೋಳಿ, ಸಫಿಯಾ ಮುಗಿದ ಮೇಲೆ ಐದನೆಯ ನಿಮಿಷದಲ್ಲಿ ಮೂತ್ತಮ್ಮ, "ನಿನ್ನ ಉಮ್ಮ ಶಾಲೆ ಕಲಿತ ಕಥೆ ನಿನಗೆ ಗೊತ್ತಿಲ್ಲವಾ ಏನೋ" ಎಂದು ಶುರುಮಾಡಿದ್ದರು.

ನನಗೆ ಗೊತ್ತಿದ್ದದ್ದು ಇಷ್ಟೇ: ಉಮ್ಮ ಪೆರಾಬೆಯ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದ್ದರು. ನನಗೆ ಅಕ್ಷರ ತಿದ್ದಿಸಿದ್ದು ಅವರೇ. ಮೂತ್ತಮ್ಮ ಹೇಳಿದ್ದು ಬೇರೆಯೇ. ಅಕ್ಕ ತಂಗಿ ಇಬ್ಬರೂ ಮನೆಯಲ್ಲಿ ಬೀಡಿಯ ಕೆಲಸಕ್ಕೆ ಕೂತವರು. ಅಕ್ಕ ಸುರುಟಿದ ಬೀಡಿಗೆ ತಂಗಿ ನೂಲು ಸುತ್ತಬೇಕು. ಆದರೆ ತಂಗಿ, ಅಂದರೆ ನನ್ನ ಉಮ್ಮ, ತಪ್ಪಿಸಿಕೊಂಡು ಹೋಗಿ ಶಾಲೆಯ ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ಅವಳ ಪಾಲಿನ ನೂಲನ್ನೂ ಅಕ್ಕನೇ ಸುತ್ತಿ, ಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ನೋಡಿಕೊಂಡಳು. ಅದಕ್ಕೆ ಒಂದು ಕರಾರು: ಅವತ್ತು ಮಾಸ್ಟ್ರು ಏನು ಹೇಳಿದರೋ ಅದನ್ನು ಸಂಜೆ ಅಕ್ಕನಿಗೆ ಹೇಳಬೇಕು. ಒಂದು ಮಳೆಗಾಲವಿಡೀ ಹಾಗೆ ನಡೆಯಿತು. ಕೊನೆಗೆ ಮಾಸ್ಟ್ರು, ಸೋಗೆಯ ಸೂರಿನಡಿ ನೆನೆಯುತ್ತ ನಿಂತ ಹುಡುಗಿಯ ಕೈಹಿಡಿದು ಒಳಗೆ ಕೂರಿಸಿ, ಮನೆಗೆ ಬಂದು ಮಾತಾಡಿ, ಹೆಸರು ಬರೆಸಿಕೊಂಡರಂತೆ.

"ಅವಳು ಹೇಳುದು ನಿನ್ನ ಹಾಗೇ," ಎಂದಿದ್ದರು ಮೂತ್ತಮ್ಮ. "ಭಾರೀ ಅರ್ಜೆಂಟು. ಆಟಕ್ಕೆ ಓಡ್ಬೇಕಲ್ಲ. ಒಂದು ಪಾಠ ಇತ್ತು. ದೋಣಿ ನಡೆಸುವವ ಒಬ್ಬ. ಹೊಳೆ ಬದಿಗೆ ಒಂದು ಹುಲಿ ಬಂದು, ನನ್ನನ್ನು ಆಚೆ ದಡಕ್ಕೆ ಬಿಡು ಅಂತ ದೋಣಿ ಹತ್ತಿ ಕೂತದ್ದು. ಅಷ್ಟಾಗುವಾಗ ಯಾರೋ ಆಟಕ್ಕೆ ಕರೆದ್ರು. ಉಳಿದದ್ದು ನಾಳೆ ಹೇಳ್ತೇನೆ ಅಂತ ಓಡಿದ್ಲು. ಆ ವಾರ ನನ್ನ ನಿಕಾಹ್ ಮಾತಾಯ್ತು, ಗಡಿಬಿಡಿ, ಸುಳ್ಯಕ್ಕೆ ಬಂದೆ. ಆಮೇಲೆ ಕೇಳಿದ್ರೆ ಅವಳಿಗೆ ನೆನಪಿಲ್ಲ. ಮೋಳೆ, ನೀನು ಟೀಚರ್ ಅಲ್ವಾ... ಆ ಹುಲಿ ದೋಣಿ ಹತ್ತಿದ ಮೇಲೆ ಎಂತ ಆಯ್ತು?"

ಆ ಪ್ರಶ್ನೆಯ ಕೆಳಗೆ ನನ್ನ ಉತ್ತರ ಇತ್ತು. ಒಂದು ಹೆಬ್ಬೆರಳು.

ಮರುದಿನದಿಂದ ಹುಲಿಯ ಹುಡುಕಾಟ ಶುರುವಾಯಿತು. ಆಲಂಕಾರಿನಲ್ಲಿ ನಿವೃತ್ತರಾದ ಹಿರಿಯ ಮಾಸ್ಟ್ರೊಬ್ಬರನ್ನು ಕೇಳಿದೆ. ಅವರಿಗೆ ಹುಲಿಯ ಬೇರೆ ಮೂರು ಪಾಠ ಬಾಯಿಪಾಠ ಬರುತ್ತಿತ್ತು, ದೋಣಿಯದ್ದು ಗೊತ್ತಿರಲಿಲ್ಲ. ಹಳೆಯ ಪಠ್ಯಪುಸ್ತಕ ಕೂಡಿಡುವ ಪುತ್ತೂರಿನ ಪರಿಚಯದವರೊಬ್ಬರ ಕಪಾಟನ್ನು ಒಂದು ಇಡೀ ಬೆಳಗ್ಗೆ ಜಾಲಾಡಿ ಸೀನು ಹಿಡಿಸಿಕೊಂಡು ಬಂದೆ. ಇಂಟರ್ನೆಟ್ಟಿನಲ್ಲಿ 'ಹುಲಿ ದೋಣಿ ಕಥೆ' ಎಂದು ಹಾಕಿದೆ. ದೋಣಿಯಿಂದ ನೀರಿಗೆ ಹಾರುವ ಹುಲಿಯ ಹದಿನೈದು ಸೆಕೆಂಡಿನ ವೀಡಿಯೊ ಬಂತು. ಅದರ ಹಿಂದೆ ಸಿಂಹ, ಅದರ ಹಿಂದೆ ಬೆಕ್ಕಿಗೆ ಹೆದರುವ ನಾಯಿ, ಅದರ ಹಿಂದೆ ಬೆಕ್ಕೂ ನಾಯಿಯೂ ಒಂದೇ ತಟ್ಟೆಯಲ್ಲಿ ಉಣ್ಣುವುದು. ಹಮೀದ್ ಬಂದು ಭುಜ ಮುಟ್ಟುವಾಗ ಒಲೆಯ ಮೇಲಿನ ಗಂಜಿ ಸೀದು ಮುಕ್ಕಾಲು ಗಂಟೆಯಾಗಿತ್ತು.

"ಸಿಕ್ಕಿತಾ ಹುಲಿ?"

"ಇಲ್ಲ. ಯಾರಿಗೂ ಗೊತ್ತಿಲ್ಲ. ಮೂತ್ತಮ್ಮನಿಗೆ ಎಂತ ಹೇಳುದು?"

ಹಮೀದ್ ಸೀದ ಪಾತ್ರೆಗೆ ನೀರು ಹಾಕುತ್ತ ಸ್ವಲ್ಪ ಯೋಚಿಸಿದರು. "ನೀನು ಕನ್ನಡ ಟೀಚರ್ ಅಲ್ವಾ? ಒಂದು ಹುಲಿಯನ್ನು ದಡ ಮುಟ್ಟಿಸ್ಲಿಕ್ಕೆ ನಿನ್ನಿಂದ ಆಗುದಿಲ್ವಾ?"

ಮೆಸೇಜಿನಲ್ಲಿ ಹೇಳುವ ಮಾತಲ್ಲ ಎನಿಸಿತು. ಮುಂದಿನ ಭಾನುವಾರ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು, ಫೋನನ್ನು ಚೀಲದ ಅಡಿಗೆ ತಳ್ಳಿ, ಸುಳ್ಯ ಬರುವವರೆಗೆ ಕಥೆ ಕಟ್ಟಿದೆ. ಮೂತ್ತಮ್ಮ ಗೋಡೆಯ ಎದುರು ನಿಂತು, ಡಾಕ್ಟರು ಹೇಳಿಕೊಟ್ಟ ಹಾಗೆ ಬಲಗೈಯ ಬೆರಳುಗಳನ್ನು ಇರುವೆಯಂತೆ ಮೇಲೆ ಮೇಲೆ ಏರಿಸುತ್ತಿದ್ದರು. ಆಗಲೇ ಮೂಗಿನ ಮಟ್ಟ ದಾಟಿತ್ತು. ನನ್ನನ್ನು ಕಂಡು, "ಇವತ್ತು ಎಲ್ಲಿಗೆ... ಕರ್ಕೊಂಡು ಹೋಗ್ತಿ?" ಎಂದರು.

"ಎಲ್ಲಿಗೂ ಇಲ್ಲ. ಕೂತ್ಕೊಳ್ಳಿ. ಹುಲಿ ದೋಣಿ ಹತ್ತಿದ ಮೇಲೆ ಎಂತ ಆಯ್ತು ಅಂತ ಹೇಳ್ಲಿಕ್ಕೆ ಬಂದೆ."

ಅವರ ಕೈ ಗೋಡೆಯ ಮೇಲೇ ನಿಂತಿತು. ಆಮೇಲೆ ಮೆಲ್ಲನೆ ಇಳಿಸಿ, ಬಂದು ಚಾಪೆಯ ಮೇಲೆ ಕೂತು, ತಲೆಯ ಮೇಲಿನ ಬಟ್ಟೆಯನ್ನು ಕಿವಿಯ ಹಿಂದಕ್ಕೆ ಸರಿಸಿದರು. ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ಕೇಳಲು ಕೂತ ಹಾಗಿತ್ತು.

ನಾನು ಹೇಳಿದೆ. ದೋಣಿ ದಡ ಬಿಟ್ಟಿತು. ದೋಣಿಯವನಿಗೆ ಹುಲಿಯ ಭಯ. ನಡುಹೊಳೆಗೆ ಬಂದಾಗ ನೋಡುತ್ತಾನೆ, ಹುಲಿ ಗಡಗಡ ನಡುಗುತ್ತಿದೆ. ಅದಕ್ಕೆ ನೀರಿನ ಭಯ. "ಆಚೆ ದಡ ಬಂತಾ?" ಎಂದು ಅದು ಕಣ್ಣು ಮುಚ್ಚಿಕೊಂಡು ಕೇಳುತ್ತದೆ. ದೋಣಿಯವನಿಗೆ ಪಾಪ ಅನಿಸಿ, ಅದರ ಭಯ ಮರೆಸಲು ತನ್ನ ಮನೆಯ, ಮಕ್ಕಳ, ಆಡಿನ ಸುದ್ದಿಯೆಲ್ಲ ಹೇಳುತ್ತ ಹುಟ್ಟು ಹಾಕುತ್ತಾನೆ. ಹುಲಿ ನಡುಗುವುದನ್ನು ನಿಲ್ಲಿಸಿ ಕೇಳುತ್ತದೆ. ದೋಣಿ ದಡ ಮುಟ್ಟಿತು, ಹುಲಿ ಹಾರಿ ಇಳಿಯಿತು, ಒಮ್ಮೆ ತಿರುಗಿ ನೋಡಿ ಕಾಡಿಗೆ ಹೋಯಿತು.

ಒಳಗೆ ಸಫಿಯಾ ಅರೆಯುವುದನ್ನು ನಿಲ್ಲಿಸಿದ್ದಳು.

"ಇದು... ನೀನು ಕಟ್ಟಿದ್ದು," ಎಂದರು ಮೂತ್ತಮ್ಮ.

"ಹೌದು ಮೂತ್ತಮ್ಮ. ನಿಜವಾದ್ದು ಎಲ್ಲಿಯೂ ಸಿಕ್ಲಿಲ್ಲ."

"ಇರ್ಲಿ. ಚೆಂದ ಉಂಟು." ಅವರು ಕಾಲು ಚಾಚಿ, ಬೆನ್ನನ್ನು ಗೋಡೆಗೆ ಒರಗಿಸಿಕೊಂಡು ಸರಿಯಾಗಿ ಕೂತರು. "ಆದ್ರೆ ಹುಲಿಯನ್ನು ಅಷ್ಟು ಬೇಗ... ಇಳಿಸ್ಬಾರ್ದಿತ್ತು. ಇನ್ನೊಮ್ಮೆ ಹೇಳು. ಈ ಸಲ... ಹೊಳೆ ಸ್ವಲ್ಪ ಅಗಲ ಇರ್ಲಿ."